ಬಚ್ಚಲುಮನೆಯ ಕಿಟಕಿ ತೆರೆಸುವ ಕೆಲಸ

ನನಗೆ ಈಗ ಮೂವತ್ತಾರು ವರ್ಷ. ಈ ವಯಸ್ಸಿಗೇ ನಿವೃತ್ತನಂತೆ ವೃತ್ತಿಯ ನೆನಪು ಬರೆಯಲು ಕೂತಿದ್ದಕ್ಕೆ ಮನೆಯಲ್ಲಿ ನಗುತ್ತಾರೆ. ನಗಲಿ. ಗ್ಯಾಸ್ ಗೀಸರ್ ಕೂರಿಸುವ, ರಿಪೇರಿ ಮಾಡುವ ಕೆಲಸದಿಂದ ನಾನು ಶಾಶ್ವತವಾಗಿ ನಿವೃತ್ತ. ಈಗ ಹೊನ್ನಾಳಿಯಲ್ಲಿ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತುತ್ತೇನೆ. ಇಲ್ಲಿ ನನ್ನ ಕೆಲಸ ಕೆಟ್ಟರೆ ಸುಡುವುದು ಮೋಟಾರು ಮಾತ್ರ. ಮಾಲೀಕ ಬಂದು ಬೈಯುತ್ತಾನೆ, ನಾನು ಮತ್ತೆ ಸುತ್ತುತ್ತೇನೆ, ರಾತ್ರಿ ನಿದ್ದೆ ಬರುತ್ತದೆ.

ಐಟಿಐ ಮುಗಿಸಿದ ಹುಡುಗರು ಆಗಾಗ ಬಂದು ಬೆಂಚಿನ ಮೇಲೆ ಕೂತು ಕೇಳುತ್ತಾರೆ: "ಅಣ್ಣಾ, ಗೀಸರ್ ಲೈನ್ ಹೆಂಗೈತೆ? ಸೇರ್ಕೋಬಹುದಾ?" ಪ್ರತಿಯೊಬ್ಬನಿಗೂ ಬಿಡಿಸಿ ಹೇಳಿ ಬಾಯಿ ಸೋತಿದೆ. ಆದ್ದರಿಂದ ಬರೆದಿಡುತ್ತಿದ್ದೇನೆ. ಓದಿ ಸೇರಿದರೂ ಸರಿ, ಓದಿ ಓಡಿಹೋದರೂ ಸರಿ.

ಮೊದಲು ಕೆಲಸ ಏನೆಂದು ತಿಳಿಯಿರಿ. ಪೈಪು ಜೋಡಿಸುವುದು, ಗೋಡೆಗೆ ತೂತು ಹೊಡೆಯುವುದು, ವಾಷರ್ ಬದಲಿಸುವುದು ಒಂದು ತಿಂಗಳಲ್ಲಿ ಯಾರಿಗಾದರೂ ಬರುತ್ತದೆ. ನಿಜವಾದ ಕೆಲಸ ಬೆಂಕಿಗೆ ಗಾಳಿ ಕೊಡಿಸುವುದು. ಗೀಸರ್ ಒಳಗೆ ಉರಿಯುವುದು ಒಂದು ಒಲೆ. ಆ ಒಲೆ ನಿಮ್ಮ ಹಾಗೆಯೇ ಉಸಿರಾಡುತ್ತದೆ, ಅದೂ ನಿಮಗಿಂತ ಬಹಳ ಜೋರಾಗಿ. ಕೋಣೆಯ ಕೆಳಗಡೆ ಹೊಸ ಗಾಳಿ ಬರಲು ಒಂದು ದಾರಿ, ಮೇಲ್ಗಡೆ ಸುಟ್ಟ ಗಾಳಿ ಹೋಗಲು ಒಂದು ದಾರಿ, ಎರಡೂ ಸದಾ ತೆರೆದಿರಬೇಕು. ಇಲ್ಲದಿದ್ದರೆ ನೀಲಿ ಉರಿ ಹಳದಿಗೆ ತಿರುಗುತ್ತದೆ, ಮೇಲೆ ಮಸಿ ಹಿಡಿಯುತ್ತದೆ, ಕೋಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸಿಲಿಂಡರ್ ಸೋರಿದರೆ ಮೂಗು ಹೇಳುತ್ತದೆ. ಇದನ್ನು ಮೂಗು ಹೇಳುವುದಿಲ್ಲ. ತಲೆ ಭಾರವಾಗುತ್ತದೆ, ವಾಕರಿಕೆ ಬರುತ್ತದೆ, ಕಾಲು ಸೋಲುತ್ತದೆ, ಆಮೇಲೆ ಬಾಗಿಲ ಚಿಲಕ ತೆಗೆಯುವಷ್ಟು ಶಕ್ತಿಯೂ ಉಳಿಯುವುದಿಲ್ಲ. ಇದಕ್ಕೆಲ್ಲ ಅತ್ಯುತ್ತಮ ಪರಿಹಾರ ಬಹಳ ಸುಲಭದ್ದು: ಗೀಸರನ್ನೇ ಹೊರಗೋಡೆಗೆ ಹಾಕಿ, ಬಿಸಿನೀರಿನ ಪೈಪನ್ನು ಮಾತ್ರ ಒಳಗೆ ತರುವುದು. ಇಷ್ಟೇ ವಿದ್ಯೆ. ಇದನ್ನು ಜನರಿಗೆ ಒಪ್ಪಿಸುವುದರಲ್ಲಿ ನನ್ನ ಯೌವನ ಕಳೆಯಿತು.

ನಮ್ಮ ಜನ ಮನೆ ಕಟ್ಟಿಸುವಾಗ ಗಾಳಿಯನ್ನು ಕಳ್ಳನ ಹಾಗೆ ಕಾಣುತ್ತಾರೆ. ನಾನು ದಿನವೂ ಡೈರಿ ಬರೆಯುವವನು. ಯಾವ ಊರು, ಯಾವ ಮನೆ, ಕಿಟಕಿ ತೆರೆದಿತ್ತೋ ಮುಚ್ಚಿತ್ತೋ, ಮುಚ್ಚಿದ್ದರೆ ಮನೆಯವರು ಕೊಟ್ಟ ಕಾರಣವೇನು, ಎಲ್ಲವನ್ನೂ ಬರೆದು ಕಾರಣಕ್ಕೊಂದು ಗೀಟು ಎಳೆಯುತ್ತಿದ್ದೆ. ವರ್ಷದ ಕೊನೆಗೆ ಕೂಡಿಸಿದರೆ ಪ್ರತಿ ವರ್ಷವೂ ಮೊದಲ ಸ್ಥಾನ ಹಲ್ಲಿಗೆ. ಹಲ್ಲಿ ಬರುತ್ತದೆಂದು ಕಿಟಕಿಗೆ ಥರ್ಮಾಕೋಲ್ ತುರುಕಿದವರು ಅಷ್ಟು ಮಂದಿ. ಎರಡನೆಯ ಸ್ಥಾನಕ್ಕೆ ಪಕ್ಕದ ಮನೆಯವರ ಕಣ್ಣಿಗೂ ಸೊಳ್ಳೆಗೂ ಪೈಪೋಟಿ. ಸೂಳೆಕೆರೆ ಕಡೆಯ ಹಳ್ಳಿಗಳಲ್ಲಿ ಸೊಳ್ಳೆ ಗೆಲ್ಲುತ್ತಿತ್ತು, ಚನ್ನಗಿರಿ ಪೇಟೆಯಲ್ಲಿ ಪಕ್ಕದ ಮನೆ.

ಬಿಳಿಚೋಡಿನ ಒಂದು ಮನೆಯಲ್ಲಿ ನಾನು ಹೇಳಿದ್ದನ್ನು ಕೇಳಿ, ಗೋಡೆ ಕೊರೆಸಿ, ಒಳ್ಳೆಯ ಎಕ್ಸಾಸ್ಟ್ ಫ್ಯಾನ್ ಹಾಕಿಸಿದ್ದರು. ಆ ದಿನದ ಡೈರಿಯಲ್ಲಿ ಸಂತೋಷದಿಂದ ಎರಡು ಸಾಲು ಹೆಚ್ಚು ಬರೆದಿದ್ದೆ. ಮುಂದಿನ ಬೇಸಿಗೆಯಲ್ಲಿ ಸರ್ವೀಸಿಗೆ ಹೋದರೆ ಆ ಫ್ಯಾನಿಗೆ ಒಳಗಿನಿಂದ ರಸಗೊಬ್ಬರದ ಚೀಲ ಸುತ್ತಿ ದಾರದಿಂದ ಬಿಗಿದಿದ್ದರು.

"ಇದೇನು ಯಜಮಾನ್ರೇ?"

"ಧೂಳು ಬರ್ತೈತಪ್ಪ. ಫ್ಯಾನ್ ಹಾಳಾಗಬಾರ್ದಲ್ಲ."

ಫ್ಯಾನನ್ನು ಕಾಪಾಡಿದ್ದರು. ಮನೆಯವರನ್ನು ಕಾಪಾಡುವುದು ಫ್ಯಾನಿನ ಕೆಲಸ ಎಂಬುದನ್ನು ಮಾತ್ರ ಮರೆತಿದ್ದರು.

ಇನ್ನು ಮೇಲಿನವರ ವಿಚಾರ. ನನ್ನ ಧಣಿ ಶೇಖರಣ್ಣನವರದು ಹೊನ್ನಾಳಿಯಲ್ಲಿ ಗೀಸರ್, ಸ್ಟೌ, ಮಿಕ್ಸಿಗಳ ಅಂಗಡಿ. ನ್ಯಾಮತಿ, ಚನ್ನಗಿರಿ, ಜಗಳೂರಿನವರೆಗೂ ಗಿರಾಕಿಗಳು. ಅವರ ಕಾರ್ಡಿನ ಮೇಲೆ ಹೆಸರಿನ ಕೆಳಗೆ "ತಾಂತ್ರಿಕ ಸಲಹೆಗಾರರು" ಎಂದು ಅಚ್ಚಾಗಿತ್ತು. ಅಷ್ಟು ವರ್ಷಗಳಲ್ಲಿ ಅವರು ನನಗೆ ಕೊಟ್ಟ ತಾಂತ್ರಿಕ ಸಲಹೆ ಒಂದೇ: "ಗಿರಾಕಿ ಮುಂದೆ ಗಾಳಿ ಸುದ್ದಿ ಎತ್ತಬೇಡ ಮಾರಾಯ. ಹೆದ್ರಿ ಕರೆಂಟಿಂದು ತಗಂಡೋಗ್ತಾರೆ." ಗೀಸರ್ ಹೊರಗೋಡೆಗೆ ಹಾಕೋಣ ಎಂದರೆ, "ಷೋ ಇರೋ ಪೀಸು ಹಿತ್ತಲಾಗೆ ಯಾರು ನೋಡಾಕೆ ಬರ್ತಾರೆ?" ಎನ್ನುತ್ತಿದ್ದರು.

ಒಮ್ಮೆ ಕಂಪನಿಯವರು ಮೆಕ್ಯಾನಿಕ್‌ಗಳನ್ನೆಲ್ಲ ದಾವಣಗೆರೆಗೆ ಕರೆಸಿ ತರಬೇತಿ ಕೊಟ್ಟರು. ಹೋಟೆಲ್ಲಿನ ಎಸಿ ಹಾಲ್, ಎಲ್ಲ ಕಿಟಕಿಗಳಿಗೂ ದಪ್ಪ ಕರ್ಟನ್. ಟೈ ಕಟ್ಟಿದವರೊಬ್ಬರು ಪರದೆಯ ಮೇಲೆ ಚಿತ್ರ ಬಿಟ್ಟು, ಊಟದ ಹೊತ್ತಿನವರೆಗೆ ಮಾತಾಡಿದರು. ಗಾಳಿಯ ವಿಷಯಕ್ಕೆ ಬಂದಾಗ, "ಸಾಕಷ್ಟು ವಾತಾಯನ ಇರುವಂತೆ ನೋಡಿಕೊಳ್ಳತಕ್ಕದ್ದು" ಎಂಬ ಒಂದು ಸಾಲು ಓದಿ ಮುಂದಕ್ಕೆ ಹೋದರು. ನಾನು ಎದ್ದು, "ಸಾರ್, ಗಿರಾಕಿ ಕಿಟಕಿ ಮುಚ್ಚಿದ್ರೆ ನಾವು ಗೀಸರ್ ಹಾಕದೆ ವಾಪಸ್ ಬರಬಹುದಾ?" ಎಂದು ಕೇಳಿದೆ. ಅವರು ನಕ್ಕು, ಅದು ಡೀಲರಿಗೂ ನಿಮಗೂ ಬಿಟ್ಟ ವಿಷಯ ಎಂದರು. ನನ್ನ ಡೀಲರು ಶೇಖರಣ್ಣ ಮುಂದಿನ ಸಾಲಿನಲ್ಲಿ ನಿದ್ದೆ ಮಾಡುತ್ತಿದ್ದರು.

ಹಳೆಯ ಪದ್ಧತಿ ಒಂದು ವಿಷಯದಲ್ಲಿ ನಮಗಿಂತ ಚೆನ್ನಾಗಿತ್ತು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಬಚ್ಚಲಿಗೆ ತಗಡಿನ ಬಾಗಿಲು. ಕೆಳಗೆ ಬೆಕ್ಕು ನುಸುಳುವಷ್ಟು ಸಂದು, ಮೇಲೆ ಹೆಂಚು. ಮುಚ್ಚಬೇಕೆಂದರೂ ಗಾಳಿಯನ್ನು ಮುಚ್ಚಲು ಆಗುತ್ತಿರಲಿಲ್ಲ. ಆಮೇಲೆ ರಬ್ಬರ್ ಅಂಚಿನ ಬಾಗಿಲು ಬಂತು, ಕದಲದ ಗಾಜಿನ ಕಿಟಕಿ ಬಂತು, ಸೂರಿನವರೆಗೆ ಟೈಲ್ಸ್ ಬಂತು. ಬಚ್ಚಲು ಡಬ್ಬಿಯಾಯಿತು. ಆ ಡಬ್ಬಿಯೊಳಗೆ ನಾವು ಒಲೆ ತಂದು ನೇತುಹಾಕಿದೆವು.

ನ್ಯಾಮತಿಯ ರುದ್ರೇಶಪ್ಪನವರ ಮನೆಯ ಬಚ್ಚಲಿನಂಥ ಡಬ್ಬಿಯನ್ನು ನಾನು ಬೇರೆಲ್ಲೂ ಕಾಣಲಿಲ್ಲ. ರುದ್ರೇಶಪ್ಪನವರದೇ ಟೈಲ್ಸ್ ಅಂಗಡಿ. ಸ್ವಂತ ಬಚ್ಚಲನ್ನು ಅಂಗಡಿಯ ಜಾಹೀರಾತಿನಂತೆ ಮಾಡಿದ್ದರು. ಗೋಡೆ ತುಂಬ ಸಮುದ್ರದ ಚಿತ್ರ, ಅಲೆ, ಚಿಪ್ಪು, ಹಾರುವ ಮೀನು. ಚಿತ್ರ ತುಂಡಾಗಬಾರದೆಂದು ಮೇಲಿನ ಗಾಳಿಕಿಂಡಿಯ ಮೇಲೂ ಟೈಲ್ಸ್ ಹೊಡೆಸಿದ್ದರು. ಗೀಸರ್ ಕೂರಿಸಲು ಶೇಖರಣ್ಣ ನನ್ನನ್ನು ಕಳಿಸಿರಲಿಲ್ಲ. ಗೆಳೆಯನ ಮನೆ ಎಂದು ತಾವೇ ಹೋಗಿ, ಬಚ್ಚಲ ಒಳಗೋಡೆಗೆ ಹಾಕಿ, ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡಿದ್ದರು. ಅಂಗಡಿಯಲ್ಲಿದ್ದ ಅತಿ ಚಂದದ ಪೀಸು ಅದು: ಮುಂದೆ ಪೂರ್ತಿ ಕಪ್ಪು ಗಾಜು, ನೀರು ಬಿಟ್ಟರೆ ನೀಲಿ ಅಂಕಿ ಬೆಳಗುತ್ತದೆ, ಉರಿ ಎಲ್ಲಿಂದಲೂ ಕಾಣುವುದಿಲ್ಲ.

ಮಗಳು ಕಾವ್ಯ ಹೆರಿಗೆಗೆ ತವರಿಗೆ ಬಂದಿದ್ದಳು. ಗಂಡು ಮಗು. ಹನ್ನೊಂದು ದಿನ ಕಳೆದ ಮೇಲೆ ನನಗೆ ಕರೆ ಬಂತು: ಗೀಸರ್ ಮಧ್ಯದಲ್ಲೇ ಆಫ್ ಆಗುತ್ತಿದೆ, ಬೇಗ ಬಾ.

ನಮ್ಮ ಕಡೆ ಬಾಣಂತಿಗೆ ನೀರು ಹಾಕುವುದು ಸುಮ್ಮನೆ ಸ್ನಾನವಲ್ಲ. ಮೈಗೆ ಎಣ್ಣೆ ತಿಕ್ಕಿ, ತಡೆಯಲಾಗದಷ್ಟು ಬಿಸಿನೀರನ್ನು ಕೊಡಗಟ್ಟಲೆ ಸುರಿಯುತ್ತಾರೆ. ಅದಕ್ಕೆಂದೇ ಗೊತ್ತಿರುವ ಹೆಂಗಸು ಬರುತ್ತಾಳೆ. ಆಕೆ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎರೆಯುತ್ತಾಳೆ. ಮುಗಿಯುವಷ್ಟರಲ್ಲಿ ಬಹಳ ಹೊತ್ತಾಗುತ್ತದೆ. ಅಷ್ಟು ಹೊತ್ತೂ ಒಂದು ಎಳೆ ಗಾಳಿ ಒಳಗೆ ಬರಬಾರದು. ಬಂದರೆ ಬಾಣಂತಿಗೆ ಸೀತ, ಕೂಸಿಗೆ ನೆಗಡಿ. ಆದ್ದರಿಂದ ಆ ಮನೆಯಲ್ಲಿ ಕದಲದ ಕಿಟಕಿಯ ಅಂಚಿನ ಸಂದಿಗೆ ಹಳೆ ಸೀರೆ ತುರುಕಿ, ಬಾಗಿಲ ಕೆಳಗೆ ಗೋಣಿತಾಟು ಒತ್ತಿ, ಗೀಸರ್ ಹೊತ್ತಿಸುತ್ತಿದ್ದರು.

ಗಾಜಿನ ಮುಖ ಬಿಚ್ಚಿದೆ. ಒಳಗೆಲ್ಲ ಮಸಿ. ಬಾಗಿಲು ಹಾಕಿ ನೀರು ಬಿಟ್ಟು ನೋಡಿದೆ. ಸ್ವಲ್ಪ ಹೊತ್ತಿಗೇ ಉರಿ ಹಳದಿಗೆ ತಿರುಗಿತು. ತಕ್ಷಣ ಬಂದ್ ಮಾಡಿ ಹೊರಗೆ ಬಂದೆ.

"ಅಮ್ಮಾ, ಇದರಲ್ಲಿ ಇನ್ನು ನೀರು ಕಾಯಿಸಬೇಡ್ರಿ. ಗಾಳಿ ಇಲ್ದೆ ಇದು ವಿಷ ಬಿಡ್ತೈತೆ. ಯಾರಿಗಾದ್ರೂ ತಲೆನೋವು, ತಲೆಸುತ್ತು ಬಂದೈತಾ?" ಎಂದು ರುದ್ರೇಶಪ್ಪನವರ ಹೆಂಡತಿ ಗಿರಿಜಮ್ಮನವರನ್ನು ಕೇಳಿದೆ.

"ಬಾಣಂತಿ ಅಂದ್ಮೇಲೆ ತಲೆಸುತ್ತು ಇರದಾ? ರಕ್ತ ಕಡಿಮೆ ಐತೆ ಅಂತ ಡಾಕ್ಟ್ರು ಗುಳಿಗೆ ಕೊಟ್ಟಾರೆ. ಕೂಸು ಮಾತ್ರ ಚಿನ್ನದಂಥಾದ್ದು. ಎರೆದು ಮಲಗಿಸಿದ್ರೆ ಹಾಲಿಗೂ ಏಳಲ್ಲ, ಅಂಥಾ ನಿದ್ದೆ."

ಅಷ್ಟು ಹೆಮ್ಮೆಯಿಂದ ಹೇಳಿದ ಆ ನಿದ್ದೆ ವಿಷದ್ದೂ ಆಗಿರಬಹುದಿತ್ತು. ಎರೆದ ಕೂಸು ಚೆನ್ನಾಗಿ ನಿದ್ದೆ ಮಾಡುವುದು ಸಹಜವೇ. ಅದಕ್ಕೇ ಯಾರಿಗೂ ಅನುಮಾನ ಬಂದಿರಲಿಲ್ಲ. ರುದ್ರೇಶಪ್ಪನವರಿಗೆ ವಿವರಿಸಿದೆ. ಅವರು ನನ್ನ ಎದುರಿಗೇ ಶೇಖರಣ್ಣನಿಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟರು. ಶೇಖರಣ್ಣ ನನಗೆ ಹೇಳಿದ್ದು, "ಬರ್ನರ್ ತೊಳೆದು ಬಾ. ಬಾಯಿ ಬಿಡಬೇಡ." ನಾನು ಬರ್ನರ್ ಮುಟ್ಟಲಿಲ್ಲ. ಸೀರೆ ಕಿತ್ತು ತೆಗೆದೆ, ಗೋಣಿತಾಟು ಹಿತ್ತಲಿಗೆ ಎಸೆದೆ, ಸಿಲಿಂಡರ್ ಬಂದ್ ಮಾಡಿ, ಹಚ್ಚಬೇಡಿ ಎಂದು ಮತ್ತೊಮ್ಮೆ ಹೇಳಿ ಬಂದೆ.

ನಾನು ಬೀದಿ ದಾಟುವ ಮುಂಚೆಯೇ ಸೀರೆ, ಗೋಣಿತಾಟು ಎರಡೂ ವಾಪಸ್ ತಮ್ಮ ಜಾಗ ಸೇರಿದ್ದವಂತೆ. ಬರ್ನರನ್ನು ಶೇಖರಣ್ಣ ಸಂಜೆ ತಾವೇ ಹೋಗಿ ತೊಳೆದು ಬಂದರು.

ಎರಡು ದಿನ ಬಿಟ್ಟು ಬೆಳಿಗ್ಗೆ ಮತ್ತೆ ಕರೆ. ಗೀಸರ್ ಮತ್ತೆ ಆಫ್. ಹೋದಾಗ ಮನೆಯವರೆಲ್ಲ ಹಜಾರದಲ್ಲಿದ್ದರು. ಹಿಂದಿನ ದಿನ ನೀರು ಹಾಕುವಾಗ ಕಾವ್ಯ ಮಣೆಯಿಂದ ಜಾರಿ ಬಿದ್ದಿದ್ದಳು. ಮನೆಯವರು ಅವಳಿಗೆ ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದಿದ್ದರು. ಇವತ್ತು ಗೀಸರ್ ಆಫ್ ಆಗದಂತೆ ಮಾಡಿಕೊಟ್ಟರೆ ನೀರು ಹಾಕುವುದು ಬೇಗ ಮುಗಿದು ಆಯಾಸ ಕಡಿಮೆಯಾಗುತ್ತದೆ ಎಂಬುದು ಅವರ ಲೆಕ್ಕ. ನೀರು ಹಾಕುವ ಹನುಮಕ್ಕ ಆಗಲೇ ಸೀರೆ ಎತ್ತಿ ಕಟ್ಟಿ, ಎಣ್ಣೆ ಬಟ್ಟಲು ಹಿಡಿದು ಸಿದ್ಧವಾಗಿದ್ದರು. ಅರವತ್ತು ದಾಟಿದ ಗಟ್ಟಿ ಹೆಂಗಸು.

ನಾನು ಮತ್ತೆ ಗಾಳಿಯ ಮಾತು ಎತ್ತಿದೆ. ರುದ್ರೇಶಪ್ಪನವರಿಗೆ ಸಿಟ್ಟು ಬಂತು.

"ಏನ್ರೀ ನಿಮ್ಮದು ಒಂದೇ ಪುರಾಣ? ಗಾಳಿಕಿಂಡಿ ಬೇಕು ಅಂದ್ರೆ ಡಿಸೈನ್ ಒಡೀಬೇಕು. ಆ ಸೆಟ್ ಈಗ ಬರಲ್ಲ, ಗೊತ್ತಾ?"

ಒಳಕೋಣೆಯಿಂದ ಕಾವ್ಯಳ ಧ್ವನಿ ಕೇಳಿತು: "ಅಪ್ಪಾಜಿ, ನಂಗೆ ತಲೆನೋವು ಬರೋದು ನೀರು ಹಾಕಿಸ್ಕಂಡಾಗ ಮಾತ್ರ. ಎಷ್ಟು ಸಲ ಹೇಳೀನಿ."

"ಸುಮ್ಕೆ ಮಲಗೇ, ಬಾಣಂತಿ ಜೋರಾಗಿ ಮಾತಾಡಬಾರ್ದು," ಎಂದರು ಗಿರಿಜಮ್ಮ.

ಶೇಖರಣ್ಣನ ಫೋನ್ ಬಂತು. "ಸೆನ್ಸಾರ್ ಕಿತ್ತಾಕು, ಆಫ್ ಆಗಲ್ಲ. ಮಾಡಿ ಬಾ. ಇಲ್ಲಾಂದ್ರೆ ನಾಳೆಯಿಂದ ಅಂಗಡಿಗೆ ಬರಾಕೆ ಹೋಗಬೇಡ." ಗಾಳಿ ಕಡಿಮೆಯಾದಾಗ ಉರಿಯನ್ನು ಆರಿಸುವ ಸಣ್ಣ ಸಾಧನ ಅದು. ಆ ಮನೆಯಲ್ಲಿ ಬುದ್ಧಿ ಇದ್ದದ್ದು ಅದೊಂದಕ್ಕೇ, ಅದನ್ನೇ ಕೀಳಬೇಕಂತೆ.

ರುದ್ರೇಶಪ್ಪನವರ ಜೊತೆ ಮಾತಾಡಿ ಫಲವಿಲ್ಲ ಎಂದು ಗೊತ್ತಾಯಿತು. ಬಾಣಂತಿಯ ವಿಷಯದಲ್ಲಿ ಆ ಮನೆಯಲ್ಲಿ ನಡೆಯುತ್ತಿದ್ದದ್ದು ಹನುಮಕ್ಕನ ಮಾತು. ಸೀರೆ ತುರುಕಿಸಿದವರೂ ಅವರೇ. ಅವರ ಹತ್ತಿರವೇ ಹೋದೆ.

"ಹನುಮಕ್ಕ, ಕಿಟಕಿ ಯಾಕೆ ಮುಚ್ಚಿಸ್ತೀರಿ?"

"ಯಾಕಪ್ಪ, ನೀನು ಹಡೆದೀಯಾ, ನೀನು ನಂಗೆ ಕಲಿಸಾಕೆ?" ಎಂದರು. ಗಿರಿಜಮ್ಮ ನಕ್ಕರು. "ಈ ಊರಾಗೆ ಅರ್ಧ ಮಂದಿಗೆ ನಾನೇ ಎರೆದೀನಿ. ಒಂದು ಬಾಣಂತಿಗೂ ಸೀತ ಆಗಿಲ್ಲ. ಈ ಮನೀಗೆ ಯಾರ ಕಣ್ಣು ಬಿದ್ದೈತೋ, ನಂಗೂ ಇಲ್ಲಿಗೆ ಬಂದ್ರೆ ತಲೆ ಗಿರ್ ಅಂತೈತೆ."

"ನಿಮಗೂನಾ?"

"ಹೂಂ. ಬೇರೆ ಮನೇಲಿ ಇಲ್ಲ."

"ಆ ಬೇರೆ ಮನೇಲೆಲ್ಲ ಒಲೆ ಎಲ್ಲಿರ್ತಿತ್ತು?"

"ಒಲೆ ಎಲ್ಲಿರ್ತೈತೆ? ಹಂಡೆ ಒಳಗೆ, ಒಲೆ ಬಾಯಿ ಹಿತ್ತಲಾಗೆ. ಸೌದೆ ಹೊರಗಿಂದ ಹಾಕ್ತಿದ್ವಿ. ಈಗ ಕರೆಂಟಿಂದು ಬಂದೈತೆ, ಒಲೀನೇ ಇಲ್ಲ, ಹೊಗೀನೇ ಇಲ್ಲ."

"ಹನುಮಕ್ಕ, ಇದು ಕರೆಂಟಿಂದು ಅಂತ ಯಾರು ಹೇಳಿದ್ರು?"

"ಯಾರು ಹೇಳಬೇಕು? ನೀಲಿ ಲೈಟು ಹತ್ತತೈತೆ. ಟಿವಿ ಇದ್ದಂಗೈತೆ."

ಅವರನ್ನು ಬಚ್ಚಲಿಗೆ ಕರೆದೆ. ಬಾಗಿಲು ಪೂರ್ತಿ ತೆರೆದಿಟ್ಟು, ಗೀಸರಿನ ಗಾಜಿನ ಮುಖ ಬಿಚ್ಚಿ ಕೆಳಗಿಟ್ಟು, ನಲ್ಲಿ ತಿರುಗಿಸಿದೆ. ಭಗ್ಗೆಂದು ಉರಿ ಹತ್ತಿತು. ಸಾಲಾಗಿ ಹತ್ತಾರು ನಾಲಿಗೆ. ಅದರ ಮೇಲೆ ಮೊನ್ನೆ ತೊಳೆದರೂ ಮತ್ತೆ ಹಿಡಿದ ಮಸಿ.

ಹನುಮಕ್ಕ ಹಿಂದಕ್ಕೆ ಸರಿದರು. "ಬೆಂಕಿ! ಇದು ಬೆಂಕಿನಾ?"

"ಬೆಂಕಿನೇ. ಅಡುಗೆ ಒಲೆಗಿಂತ ದೊಡ್ಡದು."

ಅವರು ಉರಿಯನ್ನೂ, ಕಿಟಕಿಗೆ ತಾವೇ ತುರುಕಿಸಿದ ಸೀರೆಯನ್ನೂ, ಬಾಗಿಲ ಬಳಿಯ ಗೋಣಿತಾಟನ್ನೂ ನೋಡಿದರು. ಆಮೇಲೆ ಹಜಾರಕ್ಕೆ ನಡೆದು, ಎಣ್ಣೆ ಬಟ್ಟಲನ್ನು ಗಿರಿಜಮ್ಮನ ಮುಂದೆ ಕುಕ್ಕಿದರು.

"ಏನವ್ವಾ, ಕೂಸಿನ ಕೋಣೆಯಾಗೆ ಒಲೆ ಹಚ್ಚಿ ನನ್ನ ಕೈಲಿ ಬಾಗ್ಲು ಹಾಕಿಸ್ತಿದ್ರಲ್ಲ! ಸಾಂಬ್ರಾಣಿ ಕೆಂಡ ಇಟ್ರೂ ನಾನು ಬಾಗ್ಲು ಒಂಚೂರು ತೆಗೆದಿಡೋಳು. ನಂಗೊಂದು ಮಾತು ಹೇಳಬಾರ್ದಾ?"

"ಇದು ಹೊಸ ಮಾಡೆಲ್, ಹನುಮಕ್ಕ..." ಎಂದು ರುದ್ರೇಶಪ್ಪ ಶುರು ಮಾಡಿದರು.

"ಮಾಡೆಲ್ ನಿಮ್ಮ ಅಂಗಡಿಯಾಗೆ ಇಟ್ಕಳ್ರಿ ಗೌಡ್ರೇ. ನಾನು ಎರೆಯಲ್ಲ. ಬೇಕಾದ್ರೆ ನೀವೇ ಸೀರೆ ಎತ್ತಿಕಟ್ಟಿ ಕುಂದುರ್ರಿ."

ಗ್ಯಾಸಿನ ವಿಷಯದಲ್ಲಿ ನಾನು ಅಷ್ಟು ಮಾತಾಡಿದರೂ ಬಗ್ಗದಿದ್ದ ಮನುಷ್ಯ, ಮಗಳಿಗೆ ನೀರು ಹಾಕುವವರಿಲ್ಲ ಎಂದಾಕ್ಷಣ ಮೆತ್ತಗಾದರು. ವಿಷಕ್ಕೆ ಹೆದರಲಿಲ್ಲ. ನಾಳೆ ಬೀಗರು ಬಂದು, ಬಾಣಂತಿಗೆ ನೀರು ಹಾಕಿಸಲಿಲ್ಲವೇ ಎಂದು ಕೇಳಿದರೆ ಏನು ಹೇಳುವುದೆಂದು ಹೆದರಿದರು. ಇದನ್ನು ಹುಡುಗರು ನೆನಪಿಡಬೇಕು. ಜನ ಸರಿಯಾದ ಕೆಲಸವನ್ನು ಸರಿಯಾದ ಕಾರಣಕ್ಕೆ ಮಾಡಲಿ ಎಂದು ಕಾಯುತ್ತ ಕೂತರೆ ಅಷ್ಟರಲ್ಲಿ ಮನೆಯೊಳಗಿನವರ ಕಥೆ ಮುಗಿದಿರುತ್ತದೆ.

ನಾನು ಗೀಸರನ್ನು ಗೋಡೆಯಿಂದ ಇಳಿಸಿ, ಪೈಪುಗಳಿಗೆ ಮುಚ್ಚಳ ಹಾಕಿ, ಹಜಾರದ ಮೂಲೆಯಲ್ಲಿಟ್ಟೆ. ಅಲ್ಲಿಂದಲೇ ಶೇಖರಣ್ಣನಿಗೆ ಫೋನ್ ಮಾಡಿ, ಸೆನ್ಸಾರ್ ಕೀಳಲಿಲ್ಲ, ಗೀಸರನ್ನೇ ಕಿತ್ತೆ, ಇನ್ನು ಹಾಕುವುದಾದರೆ ಹೊರಗೋಡೆಗೆ ಎಂದೆ. ಅವರು ಅಂಗಡಿಯ ಮರ್ಯಾದೆಯ ಬಗ್ಗೆ ಬಹಳ ಮಾತಾಡಿದರು. ಕೊನೆಗೆ, "ನಿನ್ನ ಟೂಲ್ ಬ್ಯಾಗ್ ಅಂಗಡೀದು, ತಂದಿಟ್ಟು ಹೋಗು," ಎಂದರು. ತಾಂತ್ರಿಕ ಸಲಹೆಗಾರರ ಎರಡನೆಯ ಸಲಹೆ ಅದು. ಪಾಲಿಸಿದೆ. ನಿವೃತ್ತಿಯ ದಿನ ಹಾರ, ಶಾಲು, ಭಾಷಣ ಯಾವುದೂ ಇರಲಿಲ್ಲ; ಡೈರಿಯಲ್ಲಿ ಆ ದಿನದ ಎದುರು "ಕಿಟಕಿ ಮುಚ್ಚಿತ್ತು, ಕಾರಣ: ಬಾಣಂತಿ" ಎಂದು ಬರೆದು ಒಂದು ಗೀಟು ಎಳೆದೆ.

ಮರುದಿನ ಬೆಳಿಗ್ಗೆ ಕೆಲಸವಿಲ್ಲದ ಕಾಲು ನನ್ನನ್ನು ನ್ಯಾಮತಿಗೇ ಎಳೆದುಕೊಂಡು ಹೋಯಿತು. ಮತ್ತೆ ಯಾರಾದರೂ ಆ ಗೀಸರನ್ನು ಗೋಡೆಗೆ ಏರಿಸಿದ್ದರೆ ಎಂಬ ಭಯ. ಹಿತ್ತಲಲ್ಲಿ ಮೂರು ಸಿಮೆಂಟ್ ಇಟ್ಟಿಗೆ ಇಟ್ಟು, ಮದುವೆಗೆ ತರಿಸಿದ್ದ ದೊಡ್ಡ ಅಲ್ಯುಮಿನಿಯಂ ಡಬರಿ ಏರಿಸಿದ್ದರು. ಉರಿಯುತ್ತಿದ್ದದ್ದು ಟೈಲ್ಸ್ ಹೊತ್ತು ಬಂದ ಮರದ ಚೌಕಟ್ಟುಗಳು. ರುದ್ರೇಶಪ್ಪನವರು ಹೊಸ ಬಣ್ಣಕ್ಕೆ ಹೊಗೆ ತಾಗುತ್ತದೆಂದು ಗೊಣಗುತ್ತ, ಗಿರಿಜಮ್ಮ ಬೈದಂತೆಲ್ಲ ಒಂದೊಂದು ತುಂಡು ಮುರಿದು ಒಲೆಗೆ ಹಾಕುತ್ತಿದ್ದರು. ನನ್ನನ್ನು ನೋಡಿಯೂ ನೋಡದಂತಿದ್ದರು.

ಬಚ್ಚಲೊಳಗೆ ನೀರು ಸುರಿಯುವ ಸದ್ದು. ಕೂಸು ಕಿಟಾರನೆ ಅಳುತ್ತಿತ್ತು. ಕಾವ್ಯ, "ಹನುಮಕ್ಕ, ಸುಡ್ತೈತೆ!" ಎಂದು ಕೂಗುತ್ತಿದ್ದಳು. "ಸುಡಲಿ ಬಿಡು, ನಾಳೆ ಮುದುಕಿ ಆದಾಗ ನನ್ನ ನೆನೆಸ್ಕಂತೀಯ," ಎಂದು ಹನುಮಕ್ಕ ಗದರಿಸುತ್ತಿದ್ದರು. ಬಿಸಿನೀರು ಒಯ್ಯಲು ಬಂದ ಗಿರಿಜಮ್ಮ ನನ್ನನ್ನು ಕಂಡು, ಒಳಕ್ಕೆ ತಿರುಗಿ ಏನೋ ಹೇಳಿದರು. ಒಳಗಿನಿಂದ ಹನುಮಕ್ಕನ ಧ್ವನಿ ಗೋಡೆ ದಾಟಿ ಬಂತು:

"ಏ ಗೀಸರಪ್ಪ, ಬಂದೀಯಾ? ಈಗ ಬೆಂಕಿ ಹೊರಗೈತಲ್ಲ. ಕಿಟಕಿಯಾಗೆ ಗಾಳಿ ಬರ್ತೈತೆ, ಕೂಸು ನಡುಗ್ತೈತೆ. ಸೀರೆ ತುರುಕಲಾ, ಬೇಡವಾ?"

"ತುರುಕ್ರಿ ಹನುಮಕ್ಕ," ಎಂದೆ, "ಚೆನ್ನಾಗಿ ಮುಚ್ಚಿ."